ಬೆಳಕು ಎಲ್ಲಿ ಬೇಡ
(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳು)



ನಿರೂಪಕರು ನನ್ನನ್ನು ಸಾಫ್ಟ್‌ವೇರ್ ಇಂಜಿನಿಯರ್ ಎಂದು ಪರಿಚಯಿಸಿದರು. ಬಿ.ಇ. ಓದಿದ್ದು ನಿಜ, ಈಗಲೂ ಪ್ರೋಗ್ರಾಂ ಬರೆಯುವುದು ನಿಜ. ಆದರೆ "ಯಾವ ಕಂಪನಿಯಪ್ಪಾ?" ಎಂದು ಕೇಳಿದರೆ ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ. ನಾವು ನಾಲ್ವರು ಸೇರಿ ಬೆಂಗಳೂರಿನಲ್ಲಿ ಕಟ್ಟಡಗಳಿಗೆ ಬೆಳಕಿನ ವಿನ್ಯಾಸ ಮಾಡುವ ಸ್ಟುಡಿಯೊ ನಡೆಸುತ್ತೇವೆ. ದೀಪ ಮಾರುವುದಿಲ್ಲ, ವೈರಿಂಗ್ ಮಾಡುವುದಿಲ್ಲ. ಯಾವ ದೀಪ ಎಲ್ಲಿರಬೇಕು, ಎಷ್ಟು ಎತ್ತರದಲ್ಲಿರಬೇಕು, ಯಾವ ಹೊತ್ತಿಗೆ ಎಷ್ಟು ಉರಿಯಬೇಕು ಎಂದು ನಕ್ಷೆ ಬರೆದುಕೊಡುತ್ತೇವೆ. ಅದಕ್ಕೂ ದುಡ್ಡು ಕೊಡ್ತಾರಾ ಎಂದು ನಮ್ಮ ಅಪ್ಪ ಈಗಲೂ ಕೇಳುತ್ತಾರೆ. ಕೊಡುತ್ತಾರೆ, ತಡವಾಗಿ.

ನಮಗೆ ಸ್ವಂತ ಆಫೀಸಿಲ್ಲ. ಹಳೆಯ ಗೋದಾಮೊಂದನ್ನು ದುರಸ್ತಿ ಮಾಡಿ ಮೇಜುಗಳ ಲೆಕ್ಕದಲ್ಲಿ ತಿಂಗಳ ಬಾಡಿಗೆಗೆ ಕೊಡುತ್ತಾರೆ. ಒಂದು ಪಕ್ಕ ಮರದ ಪೀಠೋಪಕರಣ ಮಾಡುವವರು, ಇನ್ನೊಂದು ಪಕ್ಕ ಪುಸ್ತಕದ ಮುಖಪುಟ ಮಾಡುವವರು. ಎಲ್ಲರಿಗೂ ಒಂದೇ ಪ್ರಿಂಟರ್, ಒಂದೇ ಟೀ ಕೆಟಲ್. ನಮಗೊಂದು ಮಾದರಿ ಬೇಕೆಂದರೆ ಮರದವರು ಮಧ್ಯಾಹ್ನದೊಳಗೆ ಕೊಯ್ದು ಕೊಡುತ್ತಾರೆ. ಅವರ ಹೊಸ ಕುರ್ಚಿಯ ಬಣ್ಣ ಯಾವ ಬೆಳಕಿನಲ್ಲಿ ಹೇಗೆ ಕಾಣುತ್ತದೆಂದು ನಾವು ತೋರಿಸುತ್ತೇವೆ. ಸೀರೆ ಕೊಳ್ಳುವಾಗ ನಮ್ಮ ಅಮ್ಮಂದಿರು ಅಂಗಡಿಯಿಂದ ಹೊರಗೆ ತಂದು ಬಿಸಿಲಿಗೆ ಹಿಡಿದು ನೋಡುತ್ತಾರಲ್ಲ, ಅದೇ ವಿದ್ಯೆ. ತೊಂದರೆ ಒಂದೇ: ಬೆಳಕಿನ ಕೆಲಸಕ್ಕೆ ಕತ್ತಲೆ ಬೇಕು, ಅಕ್ಕಪಕ್ಕದವರಿಗೆ ಬೆಳಕು ಬೇಕು. ಹೀಗಾಗಿ ಹಗಲು ಲೆಕ್ಕ ಹಾಕುತ್ತೇವೆ, ಸಂಜೆ ಏಳರ ನಂತರ ಅವರು ಮನೆಗೆ ಹೋದ ಮೇಲೆ ದೀಪ ಹಚ್ಚಿ ನೋಡುತ್ತೇವೆ.

ನಾಲ್ವರಲ್ಲಿ ಒಬ್ಬರು ಆರ್ಕಿಟೆಕ್ಟ್, ಒಬ್ಬರು ಎಲೆಕ್ಟ್ರಿಕಲ್ ಡಿಪ್ಲೊಮಾ, ಒಬ್ಬರು ನಾಟಕಕ್ಕೆ ಬೆಳಕು ಮಾಡಿ ಬಂದವರು. ನನ್ನ ಪಾಲು ನಿಯಂತ್ರಣದ್ದು. ಡಾಲಿ ಎಂಬ ಪದ್ಧತಿಯಲ್ಲಿ ಎರಡೇ ತಂತಿಯ ಒಂದು ಜೋಡಿಗೆ 64 ದೀಪಗಳವರೆಗೆ ಸೇರಿಸಬಹುದು, ಪ್ರತಿಯೊಂದಕ್ಕೂ ಒಂದು ನಂಬರು. ಮೇಷ್ಟ್ರು ಹಾಜರಿ ಕೂಗಿದಂತೆ ನಾನು ನಂಬರು ಕರೆದರೆ ಆ ದೀಪ ಮಾತ್ರ ಮಂದವಾಗುತ್ತದೆ, ಇಲ್ಲವೆ ಜೋರಾಗುತ್ತದೆ. ಜಗಳ ದಿನವೂ ಇದೆ. ಡಿಪ್ಲೊಮಾದವರು ಮೊದಲು ಲಕ್ಸ್ ಎಷ್ಟು ಎನ್ನುತ್ತಾರೆ. ಲಕ್ಸ್ ಎಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ. ನಡುಹಗಲ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್, ಹುಣ್ಣಿಮೆ ಕಾಲು ಲಕ್ಸಿನ ಆಸುಪಾಸು. ನಾಟಕದವರು ಮಾತ್ರ, ಎಲ್ಲಿ ಬೆಳಕು ಬೇಡ ಅನ್ನೋದನ್ನ ಮೊದಲು ಹೇಳಿ ಎನ್ನುತ್ತಾರೆ. ನನ್ನ ಮಟ್ಟಿಗೆ ಈ ಕಸುಬಿನಲ್ಲಿ ಅದಕ್ಕಿಂತ ಒಳ್ಳೆಯ ಪ್ರಶ್ನೆ ಇನ್ನೊಂದಿಲ್ಲ. ನಾಲ್ವರೂ ಸಹಿ ಹಾಕದೆ ನಕ್ಷೆ ಹೊರಗೆ ಹೋಗುವುದಿಲ್ಲ.

ಇನ್ನೊಂದು ವಿಷಯ ಊರಿನವರಿಗೆ ಗೊತ್ತಿರಲಿ. ನಕ್ಷೆಯಲ್ಲಿ ತಮ್ಮ ದೀಪದ ಹೆಸರು ಬರೆದರೆ ಕಮಿಷನ್ ಕೊಡುತ್ತೇವೆಂದು ಮಾರುವವರು ಬರುತ್ತಾರೆ. ನಾವು ತೆಗೆದುಕೊಳ್ಳುವುದಿಲ್ಲ. ತೆಗೆದುಕೊಂಡರೆ ನಕ್ಷೆಯಲ್ಲಿ ದೀಪಗಳ ಸಂಖ್ಯೆ ತಾನಾಗಿ ಏರುತ್ತದೆ, ಹತ್ತು ಸಾಕು ಎನ್ನುವ ಬಾಯಿ ನಾಲ್ವರಲ್ಲಿ ಯಾರಿಗೂ ಉಳಿಯುವುದಿಲ್ಲ. ಇದರಿಂದ ಬಾಡಿಗೆ ಕಟ್ಟಲು ಕಷ್ಟವಾದ ತಿಂಗಳುಗಳಿವೆ.

ಈಗ ನಮ್ಮ ಶಾಲೆಯ ಮಾತು. ಸುವರ್ಣ ಮಹೋತ್ಸವದ ನೆನಪಿಗೆ ಕಟ್ಟಡದ ಮುಂಭಾಗಕ್ಕೆ ಬಣ್ಣ ಬದಲಿಸುವ ದೀಪ ಹಾಕಿಸೋಣ, ನೀನೇ ಮಾಡಿಕೊಡು ಎಂದು ಸಮಿತಿಯ ಅಣ್ಣಂದಿರು ಕೇಳಿದರು. ಪ್ರೀತಿಯಿಂದ ಕೇಳಿದ್ದಾರೆ. ನಾನು ಬೇಡ ಎಂದೆ, ಇಲ್ಲಿ ಎಲ್ಲರ ಎದುರಿಗೂ ಬೇಡ ಎನ್ನುತ್ತೇನೆ. ನಿನ್ನೆ ಸಂಜೆ, ಎಸ್ಸೆಸ್ಸೆಲ್ಸಿ ಮಕ್ಕಳ ವಿಶೇಷ ತರಗತಿ ನಡೆಯುವ ಹೊತ್ತಿನಲ್ಲಿ, ಹತ್ತನೇ ತರಗತಿಯ ಕೋಣೆಗೆ ಮೀಟರು ಹಿಡಿದು ಹೋದೆ. ತರಗತಿಯ ಮೇಜಿನ ಮೇಲೆ ಸುಮಾರು 300 ಲಕ್ಸ್ ಇರಬೇಕು. ಹಿಂದಿನ ಬೆಂಚಿನಲ್ಲಿ ಇದ್ದದ್ದು 60, ಕಪ್ಪುಹಲಗೆಯ ಮೇಲೆ ಅದಕ್ಕೂ ಕಡಿಮೆ. ಎರಡು ಟ್ಯೂಬ್‌ಲೈಟೂ ಪಕ್ಕದ ಗೋಡೆಯಲ್ಲಿವೆ. ಹಗಲಿನಲ್ಲಾದರೆ ಕಿಟಕಿಯ ಹೊಳಪು ಹಲಗೆಗೆ ಬಡಿದು ಎಡಗಡೆಯ ಮಕ್ಕಳಿಗೆ ಅರ್ಧ ಹಲಗೆ ಕಾಣುವುದಿಲ್ಲ.

ಇದಕ್ಕೆ ಡಾಲಿಯೂ ಬೇಡ, ನನ್ನ ಪ್ರೋಗ್ರಾಮೂ ಬೇಡ. ಚಾವಣಿಗೆ, ಗೋಡೆಯ ಮೇಲ್ಭಾಗಕ್ಕೆ ಬಿಳಿ ಬಣ್ಣ. ಹಲಗೆಗೆ ಹೊಳೆಯದ ಕಪ್ಪು ಬಣ್ಣ. ಹಲಗೆಯ ಮುಂದೆ ಚಾವಣಿಯಿಂದ ಒಂದು ಎಲ್‌ಇಡಿ ಪಟ್ಟಿ, ಮಕ್ಕಳ ಕಣ್ಣಿಗೆ ಕಾಣದಂತೆ ತಗಡಿನ ಮರೆ. ಮಿಕ್ಕ ದೀಪಗಳು ಚಾವಣಿಯಲ್ಲಿ, ಕಿಟಕಿಗೆ ಸಮನಾಗಿ ಎರಡು ಸಾಲು. ಕಿಟಕಿ ಕಡೆಯ ಸಾಲಿಗೆ ಬೇರೆ ಸ್ವಿಚ್ಚು, ಹಗಲು ಆರಿಸಲು.

ಎಂಟು ಕೋಣೆಗಳ ನಕ್ಷೆಯನ್ನು ನಾಲ್ವರ ಸಹಿಯೊಂದಿಗೆ ಇಂದು ಬೆಳಿಗ್ಗೆ ಮುಖ್ಯೋಪಾಧ್ಯಾಯರಿಗೆ ಕೊಟ್ಟಿದ್ದೇನೆ. ಅದಕ್ಕೆ ಫೀಸಿಲ್ಲ. ಯಾವ ಕಂಪನಿಯ ಹೆಸರೂ ಅದರಲ್ಲಿಲ್ಲ, ಅಳತೆ ಮಾತ್ರ ಇದೆ. ನಮ್ಮ ತಾಲ್ಲೂಕಿನ ಅಂಗಡಿಯಲ್ಲೇ ತರಬಹುದು. ವೈರಿಂಗ್ ಕೆಲಸವನ್ನು ನಮ್ಮ ಬ್ಯಾಚಿನ ಇಬ್ಬರು ಒಪ್ಪಿಕೊಂಡಿದ್ದಾರೆ. ಐದು ಕೋಣೆಗಳ ಸಾಮಾನಿಗೆ ನಮ್ಮ ಬ್ಯಾಚಿನ ಹಣ ಸಾಕಾಗುತ್ತದೆ, ಮೂರು ಬಾಕಿ ಇವೆ. ಊಟವಾದ ಮೇಲೆ ಬೇವಿನ ಮರದ ಕೆಳಗೆ ಇರುತ್ತೇನೆ, ಸಮಿತಿಯವರೂ ಬರಬೇಕು.