ನೆರವಿಲ್ಲದೆಡೆಯ ಸ್ಥಾನನಿರ್ಣಯ



ಉಪಗ್ರಹಗಳಿಂದ ಸ್ಥಾನವನ್ನರಿಯುವ ವಿದ್ಯೆಯಲ್ಲಿ ಮೂವತ್ತು ವರ್ಷಗಳನ್ನು ಕಳೆದವನೆಂಬ ಕಾರಣದಿಂದ ಈ ವಿಚಾರಸಂಕಿರಣದ ಆಶಯ ಭಾಷಣದ ಗೌರವವನ್ನು ನನಗಿತ್ತಿದ್ದೀರಿ. ಮೊಬೈಲಿನೊಳಗಿನ ಸ್ಥಾನನಿರ್ಣಯ ಎಲ್ಲಿ ದಾರಿ ತಪ್ಪಿತೆಂದು ಬಹುಕಾಲದಿಂದ ನಂಬಿರುವೆನೊ ಅದನ್ನು ನಿಮ್ಮೆದುರು ನಿವೇದಿಸಲು ಅಪ್ಪಣೆ ಬೇಡುತ್ತೇನೆ.

ಸುಮಾರು 20,200 ಕಿ.ಮೀ. ಎತ್ತರದಿಂದ ಇಳಿದುಬರುವ ಜಿಪಿಎಸ್ ಸಂಕೇತವು ಭೂಮಿಯನ್ನು ಮುಟ್ಟುವ ವೇಳೆಗೆ ಗ್ರಾಹಕದ ಸ್ವಂತ ಉಷ್ಣಗದ್ದಲಕ್ಕಿಂತಲೂ ಕ್ಷೀಣವಾಗಿರುತ್ತದೆ. ಅದು ಹೊತ್ತು ತರುವ ಮಾಹಿತಿಯಾದರೊ ಸೆಕೆಂಡಿಗೆ 50 ಬಿಟ್‌ಗಳಷ್ಟು ಮಂದಗತಿಯದು. ಒಂದು ಉಪಗ್ರಹ ತನ್ನ ಕಕ್ಷೆಯನ್ನೂ ಗಡಿಯಾರವನ್ನೂ ಕುರಿತು ಸಾರುವ ವಿವರವನ್ನು ಓದಿಕೊಳ್ಳಲು 18 ಸೆಕೆಂಡು ತಡೆಯಿಲ್ಲದೆ ಆಲಿಸಬೇಕು; ಸಮಸ್ತ ಉಪಗ್ರಹಗಳ ಸ್ಥೂಲ ಪಂಚಾಂಗಕ್ಕೆ ಹನ್ನೆರಡೂವರೆ ನಿಮಿಷ ಬೇಕು. ಈ ವಿವರವನ್ನು ಟವರಿನ ಮೂಲಕ ಕ್ಷಣಾರ್ಧದಲ್ಲಿ ಒದಗಿಸಿ, ಯಾವ ಉಪಗ್ರಹ ಆಗಸದಲ್ಲಿದೆ, ಡಾಪ್ಲರ್ ಪಲ್ಲಟದಿಂದ ಅದರ ಆವೃತ್ತಿ ಎತ್ತ ಸರಿದಿದೆ ಎಂಬುದನ್ನೂ ಮುಂದಾಗಿ ತಿಳಿಸಿಬಿಟ್ಟರೆ, ಮೊಬೈಲು ಓದಲಾರದಷ್ಟು ಕ್ಷೀಣವಾದ ಸಂಕೇತವನ್ನೂ ಗುರುತುಹಿಡಿದು ಅಳೆಯಬಲ್ಲುದು. ನೆರವಿನ ಜಿಪಿಎಸ್ಸೆಂಬುದರ ತಿರುಳು ಇಷ್ಟೆ. ಇದರಲ್ಲಿ ನನಗೆ ಅತ್ಯಂತ ಪ್ರಿಯವಾದ ಒಂದು ಅಂಶವುಂಟು. ಉಪಗ್ರಹದ ಸಂಜ್ಞಾಮಾಲೆ ಮಿಲಿಸೆಕೆಂಡಿಗೊಮ್ಮೆ ಮರುಕಳಿಸುತ್ತದೆ. ಆ ಅವಧಿಯಲ್ಲಿ ಬೆಳಕು 300 ಕಿ.ಮೀ. ಸಾಗುವುದರಿಂದ, ಗ್ರಾಹಕಕ್ಕೆ ಮೊದಲು ದೊರೆಯುವುದು ಪೂರ್ಣ ದೂರವಲ್ಲ, ಅದನ್ನು ಮುನ್ನೂರರಿಂದ ಭಾಗಿಸಿದಾಗ ಉಳಿಯುವ ಶೇಷ. ಉಳಿದುದನ್ನು ಹತ್ತಿರದ ಟವರಿನ ನೆಲೆಯಿಂದ ಊಹಿಸಬೇಕು. ಎಂದರೆ, ತಾನೆಲ್ಲಿರುವೆನೆಂದು ಅರಿಯಬಯಸುವವನು ಸುಮಾರಾಗಿ ಎಲ್ಲಿರುವೆನೆಂಬುದನ್ನು ಮೊದಲೇ ಬಲ್ಲವನಾಗಿರಬೇಕು!

1996ರಲ್ಲಿ ಅಮೆರಿಕದ ಸಂಪರ್ಕ ಆಯೋಗವು, ಆಪತ್ತಿನಲ್ಲಿ ಕರೆಮಾಡಿದವನ ಸ್ಥಾನ ತಿಳಿಯಲೇಬೇಕೆಂದು ವಿಧಿಸಿದಂದಿನಿಂದ ಈ ವಿದ್ಯೆ ವೇಗವಾಗಿ ಬೆಳೆಯಿತು. ಆ ಸಾಹಿತ್ಯವನ್ನೆಲ್ಲ ನಾನಿಲ್ಲಿ ಪರಾಮರ್ಶಿಸಬೇಕಾದ್ದಿಲ್ಲ. ಅದರಲ್ಲಿ ಕೆಲಭಾಗವನ್ನು ಬರೆದವರು ಎರಡನೆಯ ಸಾಲಿನಲ್ಲಿಯೇ ಇದ್ದಾರೆ, ಮಧ್ಯಾಹ್ನದ ಗೋಷ್ಠಿಯಲ್ಲಿ ಅವರೇ ಹೇಳುವರು. ನನ್ನ ಆಕ್ಷೇಪ ಒಂದೇ: ಮೊದಲ ಸ್ಥಾನ ಎಷ್ಟು ಸೆಕೆಂಡಿನಲ್ಲಿ ದೊರೆಯಿತೆಂಬ ಒಂದೇ ಅಳತೆಗೋಲನ್ನು ಹಿಡಿದು, ಅದನ್ನೂ ಟವರುಗಳು ದಟ್ಟವಾಗಿರುವ ನಗರಗಳಲ್ಲಿಯೇ ಹೆಚ್ಚಾಗಿ ಪರೀಕ್ಷಿಸಿ, ಊರುಗೋಲಿನಿಂದ ನಡೆದುದನ್ನು ನಾವು ಕಾಲಿನ ಬಲವೆಂದು ಎಣಿಸಿದೆವು.

ಕೆಲವು ವರ್ಷಗಳ ಹಿಂದೆ, ಶ್ರಾವಣದ ಮಳೆಯಲ್ಲಿ, ಕುದುರೆಮುಖದ ಕಡೆಯ ಕಾಡೊಂದರಲ್ಲಿ ನಮ್ಮ ತಂಡದ ಗೆಳೆಯರೊಬ್ಬರು ಜಾರಿ ಬಿದ್ದು ಕಾಲು ಮುರಿದುಕೊಂಡರು. ಊರಿಗಿಳಿಯುವವನ ಕೈಗೆ ಅಕ್ಷಾಂಶ ರೇಖಾಂಶಗಳನ್ನು ಬರೆದುಕೊಡೋಣವೆಂದರೆ, ಎರಡು ದಿನ ಆರಿಸಿಟ್ಟಿದ್ದ ನನ್ನ ಮೊಬೈಲಿನಲ್ಲಿ ಟವರಿಲ್ಲ, ಹಳೆಯ ಕಕ್ಷಾವಿವರದ ಅವಧಿ ಮೀರಿತ್ತು, ಒದ್ದೆ ಎಲೆಗಳ ಚಪ್ಪರದಡಿ ಹದಿನೆಂಟು ಸೆಕೆಂಡು ಕಡಿಯದ ಸಂಕೇತವೂ ಸಿಗಲಿಲ್ಲ. ಇಪ್ಪತ್ತು ನಿಮಿಷ ನಾನು ಆ ಪರದೆಯನ್ನೇ ನೋಡುತ್ತ ನಿಂತೆ. ನಮ್ಮ ದಾರಿತೋರುಗ ಹುಡುಗನು, “ಹಳ್ಳ ಕವಲಾಗುವಲ್ಲಿ, ದೊಡ್ಡ ಹೆಬ್ಬಲಸಿನ ಬುಡ ಅಂತ ಹೇಳ್ತೀನಿ ಸಾರ್, ಬರ್ತಾರೆ” ಎಂದು ಓಡಿದನು. ಮುಸ್ಸಂಜೆಗೆ ಮೊದಲು ಜನ ಬಂದರು. ನನ್ನ ಜೀವಮಾನದ ವಿದ್ಯೆ ಬೇಕಾದ ದಿನ ಕೈಗೆ ಬರಲಿಲ್ಲವೆಂಬ ನೋವು ಇಂದಿಗೂ ನನ್ನಲ್ಲಿದೆ.

ಆದಕಾರಣ ನನ್ನನ್ನು ಬಿಡದೆ ಕಾಡುವ ಪ್ರಶ್ನೆಯಿದು: ಟವರಿನ ಸಂಪರ್ಕ ಕಡಿದ ಬಳಿಕ ಒಂದು ಮೊಬೈಲು, ತಾನು ಹಿಂದೆ ಕೇಳಿದ ಕಕ್ಷೆಗಳನ್ನು ತಾನೇ ಮುಂದಕ್ಕೆ ಗಣಿಸಿ, ಎಷ್ಟು ದಿನ ನಂಬಿಕೆಗೆ ಅರ್ಹವಾಗಿರಬಲ್ಲುದು? ಪ್ರಸಾರವಾದ ವಿವರ ನಿಲ್ಲುವುದು ಸಾಮಾನ್ಯವಾಗಿ ನಾಲ್ಕು ಗಂಟೆ. ಅದರಾಚೆ ಸೂರ್ಯರಶ್ಮಿಯ ಒತ್ತಡವು ಉಪಗ್ರಹವನ್ನು ತುಸುತುಸುವೆ ತಳ್ಳುತ್ತದೆ. ಅದನ್ನು ಗಣಿತದಿಂದ ಬಹುಮಟ್ಟಿಗೆ ಹಿಡಿಯಬಹುದು. ಹಿಡಿಯಲು ಕಷ್ಟವಾದುದು ಪರಮಾಣು ಗಡಿಯಾರದ ಅಲೆತ. 2023ರಲ್ಲಿ ಏರಿದ ನಮ್ಮ ಎನ್‌ವಿಎಸ್-01 ಉಪಗ್ರಹವು ಸ್ವದೇಶೀ ರುಬಿಡಿಯಂ ಗಡಿಯಾರವನ್ನೂ, ಮೊಬೈಲುಗಳಿಗೆ ಸುಲಭಗ್ರಾಹ್ಯವಾದ ಎಲ್1 ಸಂಕೇತವನ್ನೂ ಹೊತ್ತಿರುವುದರಿಂದ, ಈ ಅಲೆತವನ್ನು ನಾವೇ ಅಳೆದು ಪ್ರಕಟಿಸುವ ಅವಕಾಶ ಈಗ ಒದಗಿದೆ. ಬ್ಯಾಲಾಳಿನ ಇಸ್ರೊ ಕೇಂದ್ರದಿಂದ ಬಂದಿರುವ ವಿಜ್ಞಾನಿ ಮಿತ್ರರಲ್ಲಿ ನನ್ನ ವಿನಂತಿಯೂ ಅದೇ.

ಮೊದಲ ಪ್ರಬಂಧವು ಗಡಿಯಾರಗಳನ್ನು ಕುರಿತದ್ದೆಂದು ಕಾರ್ಯಕ್ರಮಪಟ್ಟಿಯಲ್ಲಿ ಕಂಡೆ. ಅದನ್ನು ಮಂಡಿಸಲಿರುವ ತರುಣ ವಿದ್ವಾಂಸರಿಗೆ ವೇದಿಕೆಯನ್ನು ಬಿಟ್ಟುಕೊಡುತ್ತೇನೆ.