ಭತ್ತದ ಸಕ್ಕರೆಗೆ ಖೋಟಾ ಸಹಿ

ನಾನು ಓದಿದ್ದು ಬಿ.ಕಾಂ. ಅದಕ್ಕೇ ಇರಬೇಕು, ಇವತ್ತಿನ ಕತೆ ನನಗೆ ಬ್ಯಾಂಕ್ ವಂಚನೆ ಥರಾನೇ ಕಾಣ್ಸುತ್ತೆ.

ಭತ್ತದ ಎಲೆ ತುದಿಯಿಂದ ಶುರುವಾಗಿ ಅಂಚಿನುದ್ದಕ್ಕೂ ಹಳದಿ ತಿರುಗಿ ಒಣಗೋದನ್ನ ನೋಡಿರ್ತೀರಿ. ಅದು ದುಂಡಾಣು ಎಲೆ ಅಂಗಮಾರಿ. ತುಂಗಭದ್ರಾ ಅಚ್ಚುಕಟ್ಟಿನ ರೈತರಿಗೆ ಇದರ ಪರಿಚಯ ಮಾಡಿಸಬೇಕಾಗಿಲ್ಲ. ಯೂರಿಯಾ ಜಾಸ್ತಿ ಬಿದ್ದ ಗದ್ದೇಲಿ, ಗಾಳಿ ಮಳೆ ಒಟ್ಟಿಗೆ ಬಂದಾಗ ಬೇಗ ಹಬ್ಬುತ್ತೆ. ಹಬ್ಬಿದ ಮೇಲೆ ಔಷಧಿ ಹೊಡೆದು ನಿಲ್ಲಿಸೋದು ಕಷ್ಟ.

ಇದನ್ನ ತರೋದು ಕ್ಸಾಂತೊಮೊನಾಸ್ ಒರೈಜೆ ಅನ್ನೋ ಬ್ಯಾಕ್ಟೀರಿಯಾ. ಬೆಳಗ್ಗೆ ಎಲೆ ಅಂಚಲ್ಲಿ ನೀರು ಹನಿಯಾಗಿ ನಿಂತಿರುತ್ತಲ್ಲ, ಆ ಹನಿ ಹೊರಬರೋ ರಂಧ್ರದಿಂದ್ಲೇ ಒಳಗೆ ಹೋಗುತ್ತೆ. ಗಿಡವೂ ಸುಮ್ನೆ ಕೂರಲ್ಲ. ಅದರ ಜೀವಕೋಶಗಳು ಬ್ಯಾಕ್ಟೀರಿಯಾದ ಗುರುತು ಹಿಡಿದು ರಕ್ಷಣೆ ಶುರು ಮಾಡ್ತವೆ. ಆಗ ಬ್ಯಾಕ್ಟೀರಿಯಾ ಸೂಜಿಯಂಥ ನಳಿಗೆ ಚಾಚಿ ತನ್ನ ಪ್ರೋಟೀನುಗಳನ್ನ ಕೋಶದೊಳಕ್ಕೇ ಚುಚ್ಚುತ್ತೆ. ಕೆಲವು ಪ್ರೋಟೀನು ಗಿಡದ ರಕ್ಷಣೆಯನ್ನ ಅಡಗಿಸ್ತವೆ. ಅದು ಇರಲಿ. ಮಜಾ ಇರೋದು ಟಾಲ್ ಅನ್ನೋ ಗುಂಪಿನಲ್ಲಿ.

ಇವು ಸೀದಾ ಕೋಶಕೇಂದ್ರಕ್ಕೆ ಹೋಗಿ ಗಿಡದ ಡಿಎನ್‌ಎ ಮೇಲೆ ಕೂರ್ತವೆ. ಭತ್ತದಲ್ಲಿ ಸ್ವೀಟ್-11 ಅಂತ ಒಂದು ಜೀನ್ ಇದೆ. ಕೋಶದಿಂದ ಸಕ್ಕರೆ ಹೊರಬಿಡೋ ಬಾಗಿಲನ್ನ ಕಟ್ಟೋದು ಅದೇ. ಟಾಲ್ ಪ್ರೋಟೀನು ಆ ಜೀನಿನ ಸ್ವಿಚ್ ಒತ್ತುತ್ತೆ, ಗಿಡ ತನ್ನ ಕೈಯಾರೆ ಸಕ್ಕರೆ ಬಡಿಸುತ್ತೆ. ಇದು ಬೀಗ ಒಡೆದ ಕಳ್ಳತನ ಅಲ್ಲ, ಖೋಟಾ ಸಹಿಯ ಚೆಕ್ಕು. ಕ್ಯಾಷಿಯರ್ರೇ ಎಣಿಸಿ ಕೊಡ್ತಾನೆ!

ಸಹಿ ಹೊಂದೋದು ಹೇಗೆ? 2009ರಲ್ಲಿ ಜರ್ಮನಿ ಮತ್ತು ಅಮೆರಿಕದ ಎರಡು ತಂಡಗಳು ಇದನ್ನ ಬಿಡಿಸಿದ್ವು. ಟಾಲ್ ಪ್ರೋಟೀನಿನಲ್ಲಿ ಸುಮಾರು 34 ಅಮೈನೊ ಆಮ್ಲಗಳ ತುಣುಕು ಮತ್ತೆ ಮತ್ತೆ ಬರುತ್ತೆ. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಹೆಚ್ಚಾಗಿ 12 ಮತ್ತು 13ನೇ ಜಾಗದಲ್ಲಿ. ಆ ಜೋಡಿ ಡಿಎನ್‌ಎಯ ಒಂದೊಂದೇ ಅಕ್ಷರವನ್ನ ಓದುತ್ತೆ.

ಹಾಗಾದ್ರೆ ಸ್ವೀಟ್-11 ತೆಗೆದೇ ಹಾಕಿದ್ರೆ? ಆಗಲ್ಲ. ಪರಾಗ ಸರಿಯಾಗಿ ಬೆಳೆಯೋಕೆ ಅದೇ ಜೀನ್ ಬೇಕು. ಬ್ಯಾಂಕನ್ನೇ ಮುಚ್ಚಿದ ಹಾಗಾಗುತ್ತೆ. ಆದ್ರೆ ಕೆಲವು ಭತ್ತದಲ್ಲಿ ಜೀನ್ ಹಾಗೇ ಇದ್ದು, ಸ್ವಿಚ್ಚಿನ ಅಕ್ಷರಗಳು ಮಾತ್ರ ಬದಲಾಗಿವೆ. ಖೋಟಾ ಸಹಿ ಅಲ್ಲಿ ಹೊಂದಲ್ಲ. ಈ ಗುಣಕ್ಕೆ ತಳಿವಿಜ್ಞಾನಿಗಳು ಕೊಟ್ಟ ಹೆಸರು ಎಕ್ಸ್‌ಎ-13.

ಅದೊಂದೇ ಸಾಕಾಗಲ್ಲ. ಸ್ವೀಟ್-14 ಅನ್ನೋ ಇನ್ನೊಂದು ಬಾಗಿಲಿಗೆ ಸಹಿ ಹಾಕೋ ಬ್ಯಾಕ್ಟೀರಿಯಾಗಳೂ ಇವೆ. ಅದಕ್ಕೇ ಹೈದರಾಬಾದಿನ ಸಿಸಿಎಂಬಿ ಮತ್ತು ಭತ್ತ ಸಂಶೋಧನಾ ಸಂಸ್ಥೆಯವರು ಸಾಂಬಾ ಮಸೂರಿಗೆ, ಅಂದ್ರೆ ನಮ್ಮ ಬಿಪಿಟಿ 5204ಕ್ಕೆ, ಮೂರು ಜೀನ್ ಒಟ್ಟಿಗೆ ಸೇರಿಸಿದ್ರು. ಎಕ್ಸ್‌ಎ-13 ಒಂದು. ಟಾಲ್ ಪ್ರೋಟೀನಿಗೆ ಗಿಡದೊಳಗೆ ಸಿಗೋ ಸಹಾಯ ತಪ್ಪಿಸೋ ಎಕ್ಸ್‌ಎ-5 ಇನ್ನೊಂದು. ಕೋಶದ ಹೊರಮೈಯಲ್ಲೇ ಬ್ಯಾಕ್ಟೀರಿಯಾದ ಗುರುತು ಹಿಡಿಯೋ ಎಕ್ಸ್‌ಎ-21 ಮೂರನೇದು, ಆಫ್ರಿಕಾದ ಕಾಡುಭತ್ತದಿಂದ ಬಂದದ್ದು. ಇದು ಕುಲಾಂತರಿ ಅಲ್ಲ. ಸಂಕರ ಮಾಡಿ, ಸಸಿಗಳ ಡಿಎನ್‌ಎ ನೋಡಿ ಆರಿಸಿದ್ದು. ತಳಿ ಬಿಡುಗಡೆ ಆಗಿದ್ದು 2008ರಲ್ಲಿ.

ಬೀಜ ತರೋಕೆ ಹೋದಾಗ ಬರೀ ಬಿಪಿಟಿ ಅಂದ್ರೆ ಹಳೇದೇ ಕೈಗೆ ಬರಬಹುದು. ‘ಸುಧಾರಿತ ಸಾಂಬಾ ಮಸೂರಿ’ ಅಂತ ಬಿಡಿಸಿ ಕೇಳಿ.