ಮೂರೆಳೆಯ ಹುರಿ
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ನಾನು ಎಂಟನೇ ತರಗತಿಯಲ್ಲಿದ್ದಾಗ, ಕಬ್ಬು ಕಡಿಯುತ್ತಿದ್ದ ಅಪ್ಪನ ಹಿಮ್ಮಡಿಯ ಮೇಲೆ ಮಚ್ಚು ಬಿತ್ತು. ನರ ತುಂಡಾಯಿತು ಎಂದರು. ಅದು ನರವಲ್ಲ, ಸ್ನಾಯುವನ್ನು ಎಲುಬಿಗೆ ಬಿಗಿಯುವ ಸ್ನಾಯುರಜ್ಜು. ಗಾಯ ಮಾಯಿತು, ಕುಂಟು ಉಳಿಯಿತು. ಏಕೆ ಎಂದು ನಮ್ಮ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. "ನನಗೂ ಗೊತ್ತಿಲ್ಲಪ್ಪ, ತಿಳಿದುಕೊಂಡು ಬಂದು ಹೇಳು" ಎಂದರು. ಮೇಷ್ಟ್ರು ಇಂದು ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ತಡವಾಗಿಯಾದರೂ ಹೇಳುತ್ತೇನೆ.

ರಜ್ಜುವಿನ ಬಲ ಕೊಲಾಜನ್ ಎಂಬ ಪ್ರೋಟೀನಿನದು. ಹಗ್ಗ ಹೊಸೆದಂತೆ ಅದರ ಮೂರು ಎಳೆಗಳು ಸುತ್ತಿಕೊಂಡಿವೆ. ಈ ರಚನೆಯನ್ನು 1954ರಲ್ಲಿ ಮುಂದಿಟ್ಟವರು ಮದ್ರಾಸಿನ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು.

ಗಾಯ ಮಾಯುವಾಗ ದೇಹ ಹೊಸ ಕೊಲಾಜನ್ ತುಂಬುತ್ತದೆ. ಆದರೆ ಎಳೆಗಳು ಸಾಲಾಗಿ ಬರದೆ ಅಡ್ಡಾದಿಡ್ಡಿ ಬೀಳುತ್ತವೆ. ನಾರಿನ ರಾಶಿ ಹಗ್ಗವಾಗುವುದೇ? ಅಪ್ಪನ ಕಾಲಿನಲ್ಲಾದದ್ದು ಇದೇ.

ಪ್ರಯೋಗಾಲಯದಲ್ಲಿ ನಮ್ಮ ಕಷ್ಟವೂ ಅದೇ. ದನದ ಚರ್ಮದಿಂದ ಕೊಲಾಜನ್ ಕರಗಿಸಿ ತೆಗೆದು ಮತ್ತೆ ಕೂಡಿಸಿದರೆ ಗಿಣ್ಣಿನಂಥ ಮೆತ್ತನೆಯ ಮುದ್ದೆ ಸಿಗುತ್ತದೆ. ಹೊಲಿಗೆ ಹಾಕಿದರೆ ಹರಿಯುತ್ತದೆ. ಆದ್ದರಿಂದ ನೀರು ಹಿಂಡಿ ತೆಗೆಯುತ್ತೇವೆ, ಎಳೆಗಳನ್ನು ಜಗ್ಗಿ ಒಂದೇ ದಿಕ್ಕಿಗೆ ತರುತ್ತೇವೆ, ರಾಸಾಯನಿಕಗಳಿಂದ ಎಳೆಗೆ ಎಳೆ ಗಂಟು ಹಾಕುತ್ತೇವೆ. ಗಂಟು ಕಡಿಮೆಯಾದರೆ ದೇಹ ಅದನ್ನು ಬೇಗ ಕರಗಿಸಿಬಿಡುತ್ತದೆ. ಹೆಚ್ಚಾದರೆ ಚಪ್ಪಲಿಯ ತೊಗಲಿನಂತಾಗಿ ಜೀವಕೋಶಗಳು ಒಳಗೆ ಬೇರೂರುವುದಿಲ್ಲ. ಸ್ವಂತ ಅಂಗಾಂಶ ಬೆಳೆಯುವವರೆಗೆ ಭಾರ ಹೊರಬೇಕು, ಆಮೇಲೆ ಜಾಗ ಬಿಡಬೇಕು. ಈ ಹದವೇ ಕಷ್ಟ.

ಚರ್ಮದಲ್ಲಿ ಈ ದಾರಿ ಫಲ ಕೊಟ್ಟಿದೆ. ದನದ ಕೊಲಾಜನ್ನಿಗೆ ಶಾರ್ಕ್ ಮೀನಿನ ಮೃದ್ವಸ್ಥಿಯ ಅಂಶ ಸೇರಿಸಿದ ಹಾಳೆಯಿಂದ ಸುಟ್ಟಗಾಯ ಮುಚ್ಚಿದ ಫಲಿತಾಂಶವನ್ನು ಅಮೆರಿಕದ ಬರ್ಕ್ ಮತ್ತು ಯನ್ನಾಸ್ 1981ರಲ್ಲಿ ಪ್ರಕಟಿಸಿದರು. ಆದರೆ ಓಡುವಾಗ ಹಿಮ್ಮಡಿಯ ರಜ್ಜು ಮೈತೂಕದ ಹಲವು ಪಟ್ಟು ಎಳೆತ ತಾಳಬೇಕು. ಅಷ್ಟು ಗಟ್ಟಿಯಾದದ್ದನ್ನು ನಾನಿನ್ನೂ ಮಾಡಿಲ್ಲ. ಅಪ್ಪನಿಗಂತೂ ಅದು ಒದಗಲಿಲ್ಲ.

ಊರಿನವರಲ್ಲಿ ಒಂದೇ ವಿನಂತಿ. ಹಿಮ್ಮಡಿಯ ಮೇಲೆ, ಮಣಿಕಟ್ಟಿನಲ್ಲಿ ಆಳವಾಗಿ ಕೊಯ್ದರೆ ಅರಿಶಿನ ಮೆತ್ತಿ ಕೂರಬೇಡಿ. ಅಂದೇ ಆಸ್ಪತ್ರೆಗೆ ಹೋಗಿ. ತುಂಡಾದ ತುದಿಗಳನ್ನು ಬೇಗ ಸೇರಿಸಿ ಹೊಲಿದರೆ ಕಾಲು, ಕೈ ಉಳಿಯುವ ಅವಕಾಶ ಹೆಚ್ಚು.

ಮೇಷ್ಟ್ರೇ, ಅರ್ಧ ಉತ್ತರ ತಂದಿದ್ದೇನೆ. ಉಳಿದರ್ಧ ಇಲ್ಲಿ ಕುಳಿತಿರುವ ಮಕ್ಕಳಲ್ಲಿ ಯಾರಾದರೂ ತರಲಿ.